ಬಿಳಿ ಸೆರಗಿಗೆ ಮಾತ್ರೆ ಬರೆಯುವ ಮೊದಲು ಒಮ್ಮೆ ನೋಡಿ

ಹೆಂಗಸರಿಗೆ ಚಿಕಿತ್ಸೆ ಕೊಡುವ ವೈದ್ಯರಿಗೆ, ನರ್ಸ್‌ಗಳಿಗೆ, ಆಸ್ಪತ್ರೆಗೆ ಏನು ಕೊಡಬೇಕು ಏನು ಬೇಡ ಎಂದು ತೀರ್ಮಾನಿಸುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ರೋಗಿಯ ಮುಖ ನನಗೆ ಕಾಣುವುದು ಕಡಿಮೆ. ಅವರ ಸ್ಲೈಡು (ಸ್ಯಾಂಪಲ್ ಹಚ್ಚಿದ ಗಾಜಿನ ಪಟ್ಟಿ), ಸ್ವಾಬು (ಸ್ಯಾಂಪಲ್ ತೆಗೆಯುವ ಹತ್ತಿಕಡ್ಡಿ), ರಕ್ತದ ಟ್ಯೂಬು ಕಾಣುತ್ತವೆ. ಚಿಕಿತ್ಸೆಯ ಬಗ್ಗೆ ಮಾತಾಡಲು ಇವಳು ಯಾರು ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅನಿಸಲಿ. ಆದರೆ ಒಂದು ಸುತ್ತು ಮಾತ್ರೆ ಮುಗಿಸಿ, ವಾಸಿಯಾಗದೆ, ಇನ್ನೊಂದು ಸುತ್ತು ಮುಗಿಸಿ, ಆಮೇಲೆ ಲ್ಯಾಬ್‌ಗೆ ಬರುವ ಸ್ಯಾಂಪಲ್‌ಗಳನ್ನು ನೋಡುವುದು ನಮ್ಮಂಥವರೇ. ಅಷ್ಟು ಹೊತ್ತಿಗೆ ಸ್ಲೈಡಿನಲ್ಲಿ ಕಾಣಬೇಕಾದದ್ದು ಅರ್ಧಂಬರ್ಧ ಅಳಿಸಿಹೋಗಿರುತ್ತದೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬಿಳಿ ಸೆರಗು, ಅಂದರೆ ಯೋನಿಯಿಂದ ಬಿಳುಪು ಹೋಗುತ್ತದೆ ಎಂದು ಬಂದ ಹೆಂಗಸಿಗೆ ಪರೀಕ್ಷೆ ಮಾಡದೆ ಮಾತ್ರೆ ಬರೆಯಬೇಡಿ. ಪರೀಕ್ಷೆ ಮಾಡಲು ಜಾಗ ಇಲ್ಲ, ಸಾಮಾನು ಇಲ್ಲ, ಸಮಯ ಇಲ್ಲ ಎಂದರೆ ಅದು ನಿಜವೇ ಇರಬಹುದು. ಹಾಗಿದ್ದರೆ ಈ ಪತ್ರದ ಅರ್ಧ ಭಾಗ ಅವನ್ನು ಒದಗಿಸಬೇಕಾದವರಿಗೆ ಸೇರಿದ್ದು.

ಮೊದಲು, ರೋಗವೇ ಅಲ್ಲದ್ದರ ಮಾತು. ಯೋನಿಯಿಂದ ಸ್ವಲ್ಪ ದ್ರವ ಹೋಗುವುದು ಸಹಜ. ಮುಟ್ಟಿನ ಚಕ್ರದ ನಡುವೆ, ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಅದು ತೆಳ್ಳಗೆ, ಎಳೆಎಳೆಯಾಗಿ ಬರುತ್ತದೆ. ಗರ್ಭಿಣಿಯರಲ್ಲಿ ಜಾಸ್ತಿಯಾಗುತ್ತದೆ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಇರುತ್ತವೆ. ಡೋಡರ್‌ಲೈನ್ ಎಂಬ ಜರ್ಮನ್ ವೈದ್ಯ 1892ರಲ್ಲೇ ಇವುಗಳ ಬಗ್ಗೆ ಬರೆದಿದ್ದ. ಇವು ಲ್ಯಾಕ್ಟಿಕ್ ಆಮ್ಲ ಮಾಡಿ ಆ ಜಾಗವನ್ನು ಹುಳಿಯಾಗಿ ಇಡುತ್ತವೆ. ಹುಳಿಯ ಅಳತೆಯಾದ ಪಿಎಚ್ (ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 3.8ರಿಂದ 4.5ರ ಒಳಗೆ ಇರುತ್ತದೆ. ಆ ಹುಳಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ತುರಿಕೆ ಇಲ್ಲ, ಉರಿ ಇಲ್ಲ, ಕೆಟ್ಟ ವಾಸನೆ ಇಲ್ಲ, ಪಿಎಚ್ ಸರಿಯಾಗಿದೆ, ಸ್ಲೈಡಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ತುಂಬಿಕೊಂಡಿವೆ. ಇಂಥ ಸ್ಲೈಡು ನನ್ನ ಕೈಗೆ ಬಂದಾಗ ಜೊತೆಗಿನ ಚೀಟಿ ನೋಡಿದರೆ, ಆಕೆಗೆ ಆಗಲೇ ಆಂಟಿಬಯೋಟಿಕ್ ಬರೆದಾಗಿರುತ್ತದೆ. ಯಾವುದಕ್ಕೆ? ಆರೋಗ್ಯವಾಗಿರುವುದಕ್ಕೆ! ಆ ಔಷಧಿ ಕಾವಲಿಗಿದ್ದ ಬ್ಯಾಕ್ಟೀರಿಯಾಗಳನ್ನೇ ಕಡಿಮೆ ಮಾಡಬಹುದು. ಆಮೇಲೆ ನಿಜವಾಗಿಯೂ ತುರಿಕೆ ಶುರುವಾದರೆ ಆಶ್ಚರ್ಯವಿಲ್ಲ. ಆಂಟಿಬಯೋಟಿಕ್ ಆದ ಮೇಲೆ ಕ್ಯಾಂಡಿಡಾ ಎಂಬ ಫಂಗಸ್ ಬೆಳೆಯುವುದು ಎಲ್ಲರಿಗೂ ಗೊತ್ತಿರುವ ವಿಷಯವೇ.

ಇನ್ನು ನಿಜವಾದ ಸೋಂಕುಗಳು. ಯೋನಿಯ ಮಟ್ಟದಲ್ಲಿ ಜಾಸ್ತಿ ಕಾಣುವುದು ಮೂರು: ಬ್ಯಾಕ್ಟೀರಿಯಲ್ ವಜೈನೋಸಿಸ್, ಕ್ಯಾಂಡಿಡಾ, ಟ್ರೈಕೊಮೊನಾಸ್. ಮೊದಲನೆಯದು ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದ್ದು. ಎರಡನೆಯದು ಫಂಗಸ್. ಮೂರನೆಯದು ಲೈಂಗಿಕ ಸಂಪರ್ಕದಿಂದ ಹರಡುವ ಏಕಕೋಶ ಪರಾವಲಂಬಿ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಹಿಡಿಯಬೇಕೆಂದಿಲ್ಲ. ಫಂಗಸ್ ಮದ್ದಾದ ಫ್ಲುಕೊನಜೋಲ್ ನುಂಗಿದರೆ ಟ್ರೈಕೊಮೊನಾಸ್ ಹೋಗುವುದಿಲ್ಲ. ಇನ್ನೆರಡಕ್ಕೆ ಕೊಡುವ ಮೆಟ್ರೋನಿಡಜೋಲ್ ನುಂಗಿದರೆ ಕ್ಯಾಂಡಿಡಾ ಹೋಗುವುದಿಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಕೊಟ್ಟುಬಿಡೋಣ, ಯಾವುದಾದರೂ ಒಂದು ಕೆಲಸ ಮಾಡುತ್ತದೆ ಎಂಬ ಯೋಚನೆ ಬರುತ್ತದೆ. ಸಾಲು ಉದ್ದ ಇದ್ದಾಗ ಯಾರಿಗಾದರೂ ಬರುವ ಯೋಚನೆ ಅದು.

ಕೇಳಿ ತಿಳಿದುಕೊಳ್ಳಬಹುದಲ್ವಾ ಎಂದರೆ, ಸ್ವಲ್ಪ ಮಟ್ಟಿಗೆ ಹೌದು. ವಿಪರೀತ ತುರಿಕೆ, ಒಡೆದ ಮೊಸರಿನ ಹಾಗೆ ಗಟ್ಟಿ ಬಿಳುಪು, ವಾಸನೆ ಇಲ್ಲ ಎಂದರೆ ಕ್ಯಾಂಡಿಡಾ ನೆನಪಾಗುತ್ತದೆ. ತೆಳುವಾದ ಬೂದು ಬಣ್ಣದ ದ್ರವ, ಮೀನಿನ ವಾಸನೆ, ಲೈಂಗಿಕ ಸಂಪರ್ಕದ ನಂತರ ವಾಸನೆ ಇನ್ನೂ ಜಾಸ್ತಿ ಎಂದರೆ ವಜೈನೋಸಿಸ್. ಹಳದಿ ಹಸಿರು ಬಣ್ಣ, ನೊರೆ, ಉರಿ ಎಂದರೆ ಟ್ರೈಕೊಮೊನಾಸ್. ಪುಸ್ತಕದಲ್ಲಿ ಹೀಗೆ ಚೆನ್ನಾಗಿ ಬೇರೆ ಬೇರೆಯಾಗಿ ಕಾಣುತ್ತವೆ. ಕೋಣೆಗೆ ಬರುವ ಹೆಂಗಸಿನಲ್ಲಿ ಹಾಗೆ ಕಾಣುವುದಿಲ್ಲ. ಎರಡು ಸೋಂಕು ಒಟ್ಟಿಗೆ ಇರಬಹುದು. ನೊರೆ ಇಲ್ಲದ ಟ್ರೈಕೊಮೊನಾಸ್ ಬೇಕಾದಷ್ಟಿದೆ. ತುರಿಕೆ ಮೂರರಲ್ಲೂ ಬರಬಹುದು. ಸೋಪಿನ ಅಲರ್ಜಿಯಿಂದಲೂ ಬರಬಹುದು.

ರೋಗಿಯೇ ತನ್ನ ರೋಗ ಗುರುತಿಸಿಕೊಂಡರೆ ಏನಾಗುತ್ತದೆ ಎಂದು 2002ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ನೋಡಿತ್ತು. ಯೀಸ್ಟ್ ಸೋಂಕು (ಅಂದರೆ ಕ್ಯಾಂಡಿಡಾ) ಎಂದುಕೊಂಡು ಅಂಗಡಿಯಲ್ಲಿ ತಾವೇ ಮದ್ದು ಕೊಳ್ಳುತ್ತಿದ್ದ 95 ಹೆಂಗಸರನ್ನು ಪರೀಕ್ಷೆ ಮಾಡಿದರು. ಬರೀ ಕ್ಯಾಂಡಿಡಾ ಇದ್ದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಲ್ಲಿ ವಜೈನೋಸಿಸ್ ಇತ್ತು, ಮಿಶ್ರ ಸೋಂಕು ಇತ್ತು, ಟ್ರೈಕೊಮೊನಾಸ್ ಇತ್ತು, ಏನೂ ಇಲ್ಲದವರೂ ಇದ್ದರು. ಹಾಗೆಂದು ಹೆಂಗಸರನ್ನು ದೂರುವಂತಿಲ್ಲ. ಕೋಣೆಯಲ್ಲಿ ಬರೀ ಕೇಳಿ ಬರೆದುಕೊಟ್ಟರೂ ಊಹೆಯ ಮೇಲೆಯೇ ನಡೆದಂತಾಯಿತು.

ಇದಕ್ಕೆಲ್ಲ ದೊಡ್ಡ ಯಂತ್ರ ಬೇಕು ಅಂದುಕೊಂಡವರಿಗೆ ಪಿಎಚ್ ಪಟ್ಟಿಯ ಬಗ್ಗೆ ಹೇಳಬೇಕು. ಒಂದು ಚೂರು ಬಣ್ಣದ ಕಾಗದ. ಯೋನಿಯ ಪಕ್ಕದ ಗೋಡೆಗೆ ತಾಗಿಸಿದರೆ ಒಂದು ನಿಮಿಷದೊಳಗೆ ಉತ್ತರ. 4.5ರ ಒಳಗಿದ್ದರೆ ವಜೈನೋಸಿಸ್ ಮತ್ತು ಟ್ರೈಕೊಮೊನಾಸ್ ಸಾಧ್ಯತೆ ಕಡಿಮೆ, ತುರಿಕೆ ಇದ್ದರೆ ಕ್ಯಾಂಡಿಡಾ ಕಡೆ ನೋಡಬಹುದು. 4.5 ದಾಟಿದರೆ ವಜೈನೋಸಿಸ್, ಟ್ರೈಕೊಮೊನಾಸ್ ಕಡೆ ನೋಡಬೇಕು. ಒಂದು ಎಚ್ಚರಿಕೆ: ಮುಟ್ಟಿನ ರಕ್ತ, ವೀರ್ಯ, ಗರ್ಭಕಂಠದ ಲೋಳೆ ತಾಗಿದರೆ ಪಿಎಚ್ ಏರಿ ಕಾಣುತ್ತದೆ. ಮುಟ್ಟು ನಿಂತವರಲ್ಲೂ ಪಿಎಚ್ ಜಾಸ್ತಿಯೇ ಇರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಇಷ್ಟು ಸುಲಭದ ಪರೀಕ್ಷೆಯನ್ನು ಇಷ್ಟು ಕಡಿಮೆ ಬಳಸುವುದು ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ವಜೈನೋಸಿಸ್ ಗುರುತಿಸಲು ಆಮ್ಸೆಲ್ ಮತ್ತು ಜೊತೆಗಾರರು 1983ರಲ್ಲಿ ನಾಲ್ಕು ಲಕ್ಷಣ ಕೊಟ್ಟರು. ತೆಳುವಾಗಿ ಒಂದೇ ಸಮನಾಗಿ ಗೋಡೆಗೆ ಹರಡಿಕೊಂಡ ದ್ರವ, 4.5 ದಾಟಿದ ಪಿಎಚ್, ಶೇ 10ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಒಂದು ಹನಿ ಹಾಕಿದಾಗ ಏಳುವ ಮೀನಿನ ವಾಸನೆ, ಮೈಕ್ರೋಸ್ಕೋಪಿನಲ್ಲಿ ಕ್ಲೂ ಕೋಶಗಳು. ನಾಲ್ಕರಲ್ಲಿ ಮೂರಿದ್ದರೆ ವಜೈನೋಸಿಸ್ ಎಂದು ಹೇಳಬಹುದು. ಕ್ಲೂ ಕೋಶ ಎಂದರೆ ಮೈತುಂಬ ಬ್ಯಾಕ್ಟೀರಿಯಾ ಅಂಟಿಕೊಂಡು ಅಂಚೇ ಕಾಣದಂತಾದ ಯೋನಿಯ ಕೋಶ. ಒಮ್ಮೆ ಕಲಿತರೆ ಮರೆಯುವಂಥದ್ದಲ್ಲ. ಇದನ್ನೇ ಗ್ರಾಂ ಸ್ಟೇನ್ ಮಾಡಿ, ಅಂದರೆ ಬ್ಯಾಕ್ಟೀರಿಯಾ ಕಾಣುವಂತೆ ಸ್ಲೈಡಿಗೆ ಬಣ್ಣ ಹಾಕಿ, ಅಂಕ ಕೊಡುವ ನ್ಯೂಜೆಂಟ್ ವಿಧಾನ 1991ರಲ್ಲಿ ಬಂತು. 0ರಿಂದ 3 ಬಂದರೆ ಸರಿ, 7ರಿಂದ 10 ಬಂದರೆ ವಜೈನೋಸಿಸ್, ನಡುವಿನದ್ದು ನಡುವಿನದ್ದೇ. ಲ್ಯಾಬ್‌ನವಳಾದ ನನಗೆ ಅದು ಇಷ್ಟ. ಆದರೆ ರೋಗಿ ಎದುರಿಗೆ ಕೂತಿರುವಾಗ ಆಮ್ಸೆಲ್ ವಿಧಾನವೇ ಕೈಗೆ ಸಿಗುವಂಥದ್ದು.

ಟ್ರೈಕೊಮೊನಾಸ್ ವಿಷಯದಲ್ಲಿ ಮಾತ್ರ ನನಗೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟಿದೆ. ಈ ಪರಾವಲಂಬಿಯನ್ನು ಆಲ್ಫ್ರೆಡ್ ಡೊನೆ ಎಂಬ ಫ್ರೆಂಚ್ ವೈದ್ಯ 1836ರಲ್ಲಿ ಮೈಕ್ರೋಸ್ಕೋಪಿನಲ್ಲಿ ನೋಡಿದ. ನಾವು ಇವತ್ತಿಗೂ ಹೆಚ್ಚುಕಡಿಮೆ ಅದೇ ರೀತಿ ನೋಡುತ್ತೇವೆ: ಒಂದು ಹನಿ ಸಲೈನ್ (ಉಪ್ಪುನೀರು), ಮೇಲೊಂದು ಕವರ್ ಸ್ಲಿಪ್ (ತೆಳು ಗಾಜು). ಬಿಳಿ ರಕ್ತಕಣದಷ್ಟೇ ಗಾತ್ರದ್ದು. ಬಾಲದಂಥ ಎಳೆಗಳನ್ನು ಆಡಿಸುತ್ತಾ ಜಗ್ಗಿ ಜಗ್ಗಿ ಓಡಾಡುತ್ತದೆ. ಆ ಓಡಾಟದಿಂದಲೇ ಅದು ಗೊತ್ತಾಗುವುದು. ನಿಂತುಬಿಟ್ಟರೆ ಬಿಳಿ ರಕ್ತಕಣದ ನಡುವೆ ಕಳೆದುಹೋಗುತ್ತದೆ. ಸ್ಯಾಂಪಲ್ ತಣ್ಣಗಾದಂತೆ, ಒಣಗಿದಂತೆ ಅದು ನಿಲ್ಲುತ್ತದೆ. ಹತ್ತು ನಿಮಿಷದೊಳಗೆ ನೋಡಿದರೆ ಒಳ್ಳೆಯದು, ಒಂದು ಗಂಟೆಯಾದರೆ ಎಷ್ಟೋ ಕೇಸು ಕೈತಪ್ಪಿಹೋಗುತ್ತವೆ. ಬೆಳಿಗ್ಗೆ ತೆಗೆದ ಸ್ವಾಬನ್ನು ಮಧ್ಯಾಹ್ನ ಎಲ್ಲ ಸ್ಯಾಂಪಲ್‌ಗಳ ಜೊತೆ ಒಟ್ಟಿಗೆ ಕಳಿಸಿದರೆ ನಾನು ಏನು ಬರೆಯಲಿ? 'ಕಾಣಲಿಲ್ಲ' ಎಂದು ಬರೆಯುತ್ತೇನೆ. ನೀವು 'ಇಲ್ಲ' ಎಂದು ಓದುತ್ತೀರಿ.

ತಕ್ಷಣ ನೋಡಿದರೂ ಈ ವಿಧಾನ ಅರ್ಧಕ್ಕರ್ಧ ಕೇಸುಗಳನ್ನು ತಪ್ಪಿಸಿಬಿಡಬಹುದು. ಅದು ಹಿಡಿಯುವುದು ಶೇ 44ರಿಂದ 68ರಷ್ಟನ್ನು ಮಾತ್ರ. ಹಾಗಾಗಿ ಸ್ಲೈಡಿನಲ್ಲಿ ಕಾಣದಿದ್ದರೂ ಅನುಮಾನ ಉಳಿದರೆ, ಸಿಗುವ ಕಡೆ ಆ ಜೀವಿಯ ಆರ್‌ಎನ್‌ಎ ಅಥವಾ ಡಿಎನ್‌ಎ ಹುಡುಕುವ ಮಾಲಿಕ್ಯುಲರ್ ಪರೀಕ್ಷೆಗೆ ಕಳಿಸಿ. ಎಲ್ಲಕ್ಕಿಂತ ಮೊದಲು, ಒಂದು ಮೈಕ್ರೋಸ್ಕೋಪನ್ನು ಪರೀಕ್ಷಾ ಕೋಣೆಯ ಪಕ್ಕಕ್ಕೆ ತನ್ನಿ. ಅದು ಎರಡು ಮಹಡಿ ಕೆಳಗೆ, ಇನ್ನೊಂದು ಕಟ್ಟಡದಲ್ಲಿ ಇರಬೇಕಾಗಿಲ್ಲ. ಮೂತ್ರ ಪರೀಕ್ಷೆಗೆ, ಮಲ ಪರೀಕ್ಷೆಗೆ ಬಳಸುವ ಸಾಧಾರಣ ಮೈಕ್ರೋಸ್ಕೋಪೇ ಸಾಕು.

ಈಗ ನೀವು ಹೇಳಬಹುದು: ಪರೀಕ್ಷೆ ಇಲ್ಲದೆ ಲಕ್ಷಣ ನೋಡಿ ಚಿಕಿತ್ಸೆ ಕೊಡಿ ಎಂದು ನಮಗೆ ಕಲಿಸಿದ್ದೇ ಮಾರ್ಗಸೂಚಿಗಳು ಎಂದು. ನಿಜ. ಲ್ಯಾಬ್ ಇಲ್ಲದ ಕಡೆಗಳಲ್ಲಿ ರೋಗಿ ಬಂದ ದಿನವೇ ಚಿಕಿತ್ಸೆ ಸಿಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ವಿಧಾನವನ್ನು ತಂದಿತು. 1990ರ ದಶಕದಲ್ಲಿ ಅದು ಎಷ್ಟೋ ದೇಶಗಳಿಗೆ ಹರಡಿತು. ಅದರಿಂದ ಒಳ್ಳೆಯದೂ ಆಗಿದೆ. ಗಂಡಸರ ಮೂತ್ರನಾಳದಿಂದ ಕೀವು ಬರುತ್ತಿದ್ದರೆ ಲಕ್ಷಣ ನೋಡಿ ಚಿಕಿತ್ಸೆ ಕೊಡುವುದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜನನಾಂಗದ ಹುಣ್ಣಿಗೂ ಪರವಾಗಿಲ್ಲ. ಎಡವುವುದು ಹೆಂಗಸರ ಬಿಳಿ ಸೆರಗಿನಲ್ಲಿ. ಯಾಕೆಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ ಮತ್ತು ಗೊನೊರಿಯಾ ಬ್ಯಾಕ್ಟೀರಿಯಾಗಳು ಇರುವುದು ಗರ್ಭಕಂಠದಲ್ಲಿ, ಯೋನಿಯ ಗೋಡೆಯಲ್ಲಿ ಅಲ್ಲ. ಅವು ಇರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತೇ ಆಗುವುದಿಲ್ಲ. ಬಿಳಿ ಸೆರಗು ಎಂದು ಬರುವವರಲ್ಲಿ ಹೆಚ್ಚಿನವರಿಗೆ ಆ ಎರಡೂ ಇರುವುದಿಲ್ಲ. ಹೀಗಾಗಿ ಬೇಡದವರಿಗೆ ಔಷಧಿ ಹೋಗುತ್ತದೆ, ಬೇಕಾದವರು ಮನೆಯಲ್ಲೇ ಉಳಿಯುತ್ತಾರೆ. ಅದೇ ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ, ಸಾಧ್ಯವಿರುವ ಕಡೆಯೆಲ್ಲ ಪರೀಕ್ಷೆಯ ಫಲಿತಾಂಶ ನೋಡಿ ಚಿಕಿತ್ಸೆ ಕೊಡಿ ಎನ್ನುತ್ತದೆ. ಗೋಡೆಗೆ ಅಂಟಿಸಿದ ಹಳೆಯ ಚಾರ್ಟನ್ನು ಒಮ್ಮೆ ತೆಗೆದು ನೋಡುವ ಕಾಲ ಬಂದಿದೆ.

ಇದು ಸಣ್ಣ ಸಂಖ್ಯೆಯ ವಿಷಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ 15ರಿಂದ 49 ವಯಸ್ಸಿನವರಲ್ಲಿ ಟ್ರೈಕೊಮೊನಾಸ್, ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್ ಸೇರಿ 37.4 ಕೋಟಿ ಹೊಸ ಸೋಂಕುಗಳು ಆದವು. ಅದರಲ್ಲಿ 15.6 ಕೋಟಿ ಟ್ರೈಕೊಮೊನಾಸ್, 12.9 ಕೋಟಿ ಕ್ಲಮೈಡಿಯಾ. ನಾಲ್ಕೂ ಔಷಧಿಯಿಂದ ಪೂರ್ತಿ ವಾಸಿಯಾಗುವಂಥವು.

ಕ್ಲಮೈಡಿಯಾ ಸುಮ್ಮನೆ ಕೂತಿದ್ದರೆ ಯಾರಿಗೇನು ತೊಂದರೆ ಎನ್ನುವಂತಿಲ್ಲ. ಅದು ನಿಧಾನವಾಗಿ ಮೇಲೇರಿ ಗರ್ಭಕೋಶ, ಗರ್ಭನಾಳ ತಲುಪಬಹುದು. ಸ್ವೀಡನ್ನಿನ ಲುಂಡ್‌ನಲ್ಲಿ ವೆಸ್ಟ್ರೋಮ್ ಮತ್ತು ಜೊತೆಗಾರರು ಕಿಬ್ಬೊಟ್ಟೆಯ ಸೋಂಕಾದ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಲೆಕ್ಕ ಕೊಟ್ಟರು. ಒಂದು ಸಲ ಸೋಂಕಾದವರಲ್ಲಿ ಶೇ 8ರಷ್ಟು ಮಂದಿಗೆ ಗರ್ಭನಾಳ ಕೆಟ್ಟು ಬಂಜೆತನ ಬಂತು. ಎರಡು ಸಲ ಆದವರಲ್ಲಿ ಶೇ 19.5. ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಆದವರಲ್ಲಿ ಶೇ 40. ಗರ್ಭಕೋಶದ ಹೊರಗೆ ಗರ್ಭ ನಿಲ್ಲುವ ಅಪಾಯ ಬೇರೆ. ಮಕ್ಕಳಾಗಲಿಲ್ಲ ಎಂದು ವರ್ಷಗಟ್ಟಲೆ ಅಲೆದ ಮೇಲೆ ನಾಳ ಮುಚ್ಚಿದೆ ಎಂದು ಗೊತ್ತಾಗುವ ಹೆಂಗಸಿಗೆ, ಯಾವ ವರ್ಷ ಯಾವ ಕಾಯಿಲೆಯಿಂದ ಹೀಗಾಯಿತು ಎಂದು ಹೇಳುವವರು ಯಾರೂ ಇರುವುದಿಲ್ಲ.

ಇಲ್ಲಿ ಒಂದು ಸಮಾಧಾನ ಇದೆ. ಕ್ಲಮೈಡಿಯಾ, ಗೊನೊರಿಯಾ ಮಾಲಿಕ್ಯುಲರ್ ಪರೀಕ್ಷೆಗೆ ಹೆಂಗಸು ತಾನೇ ತೆಗೆದುಕೊಂಡ ಯೋನಿಯ ಸ್ವಾಬ್ ವೈದ್ಯರು ತೆಗೆದ ಸ್ವಾಬಿನಷ್ಟೇ ಚೆನ್ನಾಗಿ ಫಲಿತಾಂಶ ಕೊಡುತ್ತದೆ. ಪರೀಕ್ಷೆಯ ಮೇಜಿನ ಮೇಲೆ ಮಲಗಲು ಸಂಕೋಚಪಡುವವರಿಗೆ, ಯಾವ ತೊಂದರೆಯೂ ಇಲ್ಲದೆ ತಪಾಸಣೆಗೆ ಬಂದವರಿಗೆ ಇದು ದೊಡ್ಡ ಅನುಕೂಲ. ಒಂದು ಸ್ವಾಬ್ ಕೊಟ್ಟು, ಎಷ್ಟು ಒಳಗೆ ಹೋಗಬೇಕು ಎಂದು ಹೇಳಿಕೊಟ್ಟು, ಬಾತ್‌ರೂಮಿಗೆ ಕಳಿಸಿದರೆ ಆಯಿತು.

ಹಾಗೆಂದು ಎಲ್ಲ ಕಡೆಯೂ ಫಲಿತಾಂಶಕ್ಕೆ ಕಾಯಿರಿ ಎನ್ನುತ್ತಿಲ್ಲ. ಕಿಬ್ಬೊಟ್ಟೆ ನೋವೆಂದು ಬಂದವಳಿಗೆ ಒಳಪರೀಕ್ಷೆಯಲ್ಲಿ ಗರ್ಭಕಂಠ ಅಲುಗಿಸಿದಾಗ ನೋವು, ಗರ್ಭಕೋಶ ಮುಟ್ಟಿದರೆ ನೋವು, ಪಕ್ಕದಲ್ಲಿ ಒತ್ತಿದರೆ ನೋವು, ಇವುಗಳಲ್ಲಿ ಒಂದಿದ್ದು ಬೇರೆ ಕಾರಣ ಕಾಣದಿದ್ದರೆ ಅವತ್ತೇ ಚಿಕಿತ್ಸೆ ಶುರುವಾಗಬೇಕು. ನಮ್ಮ ರಿಪೋರ್ಟ್ ಆಮೇಲೆ ಬರಲಿ. ತಡವಾದಷ್ಟೂ ನಾಳಕ್ಕೆ ಪೆಟ್ಟು. ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್, ಜೊತೆಗೆ 14 ದಿನ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೋನಿಡಜೋಲ್ ಎಂಬುದು ಈಗ ರೂಢಿಯಲ್ಲಿರುವ ಕ್ರಮಗಳಲ್ಲಿ ಒಂದು. ಅದಕ್ಕೂ ಮೊದಲು ಗರ್ಭ ಪರೀಕ್ಷೆ ಮಾಡಲೇಬೇಕು. ನಾಳದಲ್ಲಿ ನಿಂತ ಗರ್ಭವೂ ಇದೇ ನೋವು ಕೊಡುತ್ತದೆ. ಮೂರು ದಿನದಲ್ಲಿ ನೋವು ಇಳಿಯದಿದ್ದರೆ ಮತ್ತೆ ನೋಡಬೇಕು. ಕಾಪರ್ ಟಿ ಇದೆ ಎಂದು ಮೊದಲ ದಿನವೇ ಗಾಬರಿಯಿಂದ ತೆಗೆಯುವ ಅಗತ್ಯವೂ ಇಲ್ಲ. ಇಲ್ಲೂ ಗಮನಿಸಿ, ತಕ್ಷಣ ಚಿಕಿತ್ಸೆ ಕೊಡಲು ಕಾರಣವಾದದ್ದು ನಿಮ್ಮ ಕೈ ಮುಟ್ಟಿ ನೋಡಿದ ಪರೀಕ್ಷೆಯೇ.

ಗೊನೊರಿಯಾ ಬಗ್ಗೆ ಒಂದೇ ಮಾತು. ಆ ಬ್ಯಾಕ್ಟೀರಿಯಾ ಸಲ್ಫಾ, ಪೆನ್ಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲವನ್ನೂ ಒಂದೊಂದಾಗಿ ಜೀರ್ಣಿಸಿಕೊಂಡಿದೆ. ಈಗ ಮುಖ್ಯವಾಗಿ ನಂಬಿಕೊಂಡಿರುವುದು ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್ನನ್ನು. ಬೇಡದವರಿಗೆಲ್ಲ ಆಂಟಿಬಯೋಟಿಕ್ ಹಂಚುತ್ತಾ ಹೋದರೆ ಇದನ್ನೂ ಕಳೆದುಕೊಳ್ಳುತ್ತೇವೆ.

ಇನ್ನು ಸಂಗಾತಿಯ ವಿಷಯ. ನನ್ನ ಮಟ್ಟಿಗೆ ಚಿಕಿತ್ಸೆ ಅತಿ ಹೆಚ್ಚು ಸೋಲುವುದು ಇಲ್ಲೇ. ಹೆಂಗಸು ಏಳು ದಿನ ತಪ್ಪದೆ ಮಾತ್ರೆ ನುಂಗುತ್ತಾಳೆ. ವಾಸಿಯಾಗುತ್ತದೆ. ಸಂಗಾತಿಗೆ ಯಾರೂ ಚಿಕಿತ್ಸೆ ಕೊಟ್ಟಿಲ್ಲ. ಕೆಲವು ವಾರದಲ್ಲಿ ಸೋಂಕು ವಾಪಸ್. ಔಷಧಿ ಕೆಲಸ ಮಾಡಲಿಲ್ಲ ಎಂದು ಇನ್ನೂ ಜೋರಿನ ಔಷಧಿ ಬರೆಯುತ್ತಾರೆ. ಟ್ರೈಕೊಮೊನಾಸ್, ಕ್ಲಮೈಡಿಯಾ, ಗೊನೊರಿಯಾ, ಸಿಫಿಲಿಸ್ ಈ ನಾಲ್ಕರಲ್ಲೂ ಸಂಗಾತಿಗೆ ಚಿಕಿತ್ಸೆ ಬೇಕೇ ಬೇಕು. ಇಬ್ಬರದ್ದೂ ಮುಗಿಯುವವರೆಗೆ ಸಂಪರ್ಕ ಬೇಡ. ಟ್ರೈಕೊಮೊನಾಸ್‌ಗೆ ಗಂಡಸಿಗೆ 2 ಗ್ರಾಂ ಮೆಟ್ರೋನಿಡಜೋಲ್ ಒಂದೇ ಸಲ ಸಾಕಾಗುತ್ತದೆ. ಹೆಂಗಸಿಗೆ 500 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಏಳು ದಿನ ಕೊಡುವುದು ಒಂದೇ ಡೋಸಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಯಾಂಡಿಡಾಗೆ ಸಾಮಾನ್ಯವಾಗಿ ಸಂಗಾತಿಯ ಚಿಕಿತ್ಸೆ ಬೇಡ.

ವಜೈನೋಸಿಸ್ ವಿಷಯದಲ್ಲಿ ಮಾತ್ರ ಹೊಸ ಸುದ್ದಿ ಇದೆ. ಇದು ವಾಸಿಯಾದ ಮೇಲೂ ಒಂದು ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಹೆಂಗಸರಿಗೆ ಮರುಕಳಿಸಬಹುದು. ಗಂಡಸಿಗೆ ಚಿಕಿತ್ಸೆ ಕೊಟ್ಟು ಪ್ರಯೋಜನವಿಲ್ಲ ಎಂದೇ ಇಷ್ಟು ವರ್ಷ ಹೇಳುತ್ತಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ಅದನ್ನು ತಿರುಗಿಸಿತು. ಗಂಡಸಿಗೆ ಏಳು ದಿನ ಮೆಟ್ರೋನಿಡಜೋಲ್ ಮಾತ್ರೆ, ಜೊತೆಗೆ ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್ ಕೊಟ್ಟಾಗ 12 ವಾರದೊಳಗೆ ಮರುಕಳಿಸಿದ್ದು ಶೇ 35ರಷ್ಟು ಹೆಂಗಸರಿಗೆ. ಹೆಂಗಸಿಗೆ ಮಾತ್ರ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಶೇ 63. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಮೊದಲೇ ನಿಲ್ಲಿಸಿದರು. ಅದು ಒಬ್ಬರೇ ಸಂಗಾತಿ ಇರುವ ಜೋಡಿಗಳ ಮೇಲೆ ಮಾಡಿದ್ದು ಎಂಬುದನ್ನು ಮರೆಯಬಾರದು. ಆದರೂ ಪದೇ ಪದೇ ಬರುವವಳ ಸಂಗಾತಿಯನ್ನು ಕರೆದು ಮಾತಾಡಲು ಈಗ ನಿಮ್ಮ ಕೈಯಲ್ಲಿ ಒಳ್ಳೆಯ ಕಾರಣವಿದೆ.

ಮಾತಾಡುವ ರೀತಿಯೂ ಮುಖ್ಯ. 'ನಿಮ್ಮ ಗಂಡನಿಗೂ ಮಾತ್ರೆ ಬೇಕು' ಎಂಬ ಒಂದು ವಾಕ್ಯ ಮನೆಯಲ್ಲಿ ಏನೇನು ಮಾಡಬಹುದು ಎಂದು ಯೋಚಿಸಿ. ಟ್ರೈಕೊಮೊನಾಸ್ ಹೆಂಗಸಿನಲ್ಲಿ ಲಕ್ಷಣವಿಲ್ಲದೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಬಹುದು. ಕ್ಲಮೈಡಿಯಾವೂ ಹಾಗೇ. ಇವತ್ತು ಪತ್ತೆಯಾಯಿತು ಎಂದರೆ ಮೊನ್ನೆ ಬಂತು ಎಂದಲ್ಲ. ಯಾರು ಯಾರಿಗೆ ಕೊಟ್ಟರು ಎಂದು ನನ್ನ ಸ್ಲೈಡಿನಿಂದ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ವಜೈನೋಸಿಸ್ ಅಥವಾ ಕ್ಯಾಂಡಿಡಾ ಇದೆ ಎಂದರೆ ಯಾರೋ ದಾರಿ ತಪ್ಪಿದ್ದಾರೆ ಎಂಬ ಅರ್ಥವಂತೂ ಇಲ್ಲವೇ ಇಲ್ಲ. ಇದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಆಕೆ ಚೀಟಿಯನ್ನು ಬಚ್ಚಿಡುತ್ತಾಳೆ, ಸಂಗಾತಿಗೆ ಚಿಕಿತ್ಸೆ ಸಿಗುವುದೇ ಇಲ್ಲ. ಹೊಡೆತ ತಿನ್ನುವ ಭಯವಿದ್ದರೆ ಅದನ್ನೂ ಕೇಳಿ ತಿಳಿದು, ಹೇಗೆ ತಿಳಿಸಬೇಕು ಎಂದು ಆಕೆಯ ಜೊತೆಗೇ ಕೂತು ಯೋಚಿಸಬೇಕು.

ಗರ್ಭಿಣಿಯರ ಬಗ್ಗೆ ಚಿಕ್ಕದಾಗಿ. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ, ಒಳಗೆಲ್ಲೋ ಇದ್ದು ತಾನೇ ಮಾಯುತ್ತದೆ. ಹಾಗಾಗಿ ಪ್ರತಿಯೊಬ್ಬ ಗರ್ಭಿಣಿಗೂ ಮೊದಲ ಭೇಟಿಯಲ್ಲೇ ರಕ್ತ ಪರೀಕ್ಷೆ ಬೇಕು. ಬೆರಳು ಚುಚ್ಚಿ ಅಲ್ಲೇ ಫಲಿತಾಂಶ ಹೇಳುವ ಕಿಟ್‌ಗಳಿವೆ. ಚಿಕಿತ್ಸೆ ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ರೋಗ ಹೊತ್ತು ಹುಟ್ಟಬಹುದು. ಆರಂಭದ ಹಂತದಲ್ಲಿದ್ದರೆ 24 ಲಕ್ಷ ಯೂನಿಟ್ ಬೆಂಜಥಿನ್ ಪೆನ್ಸಿಲಿನ್ ಒಂದು ಡೋಸ್. ಗರ್ಭಿಣಿಗೆ ಪೆನ್ಸಿಲಿನ್ ಬಿಟ್ಟು ಬೇರೆ ಔಷಧಿಯನ್ನು ನೆಚ್ಚುವಂತಿಲ್ಲ. ಗರ್ಭಿಣಿಗೆ ಕ್ಲಮೈಡಿಯಾ ಇದ್ದರೆ ಡಾಕ್ಸಿಸೈಕ್ಲಿನ್ ಬದಲು ಅಜಿತ್ರೋಮೈಸಿನ್. ಕ್ಯಾಂಡಿಡಾ ಇದ್ದರೆ ಫ್ಲುಕೊನಜೋಲ್ ಮಾತ್ರೆ ಬದಲು ಕ್ಲೋಟ್ರಿಮಜೋಲ್‌ನಂಥ ಒಳಗೆ ಹಾಕುವ ಮದ್ದು, ಏಳು ದಿನ.

ಬಿಳಿ ಸೆರಗು ಎಂದರೆ ಮದುವೆಯಾದ, ಮಕ್ಕಳ ವಯಸ್ಸಿನ ಹೆಂಗಸಿನ ಕಾಯಿಲೆ ಎಂಬ ಭಾವನೆಯನ್ನೂ ಬಿಡಬೇಕು. ಮದುವೆಯಾಗದ ಹುಡುಗಿಗೆ ನೀವು ಲೈಂಗಿಕ ಸಂಪರ್ಕದ ಪ್ರಶ್ನೆಯನ್ನೇ ಕೇಳುವುದಿಲ್ಲ. ಕೇಳಿದರೂ ಅಮ್ಮನ ಎದುರಿಗೆ ಕೇಳುತ್ತೀರಿ. ಮುಟ್ಟು ನಿಂತವರಿಗೆ ಉರಿ, ಒಣಗುವಿಕೆ ಇದ್ದರೆ ಅದು ಈಸ್ಟ್ರೋಜನ್ ಕಡಿಮೆಯಾದ ತೊಂದರೆ ಇರಬಹುದು, ಅದಕ್ಕೆ ಎಷ್ಟು ಫಂಗಸ್ ಕ್ರೀಮ್ ಹಚ್ಚಿದರೂ ಪ್ರಯೋಜನವಿಲ್ಲ. ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ರಕ್ತ ಬೆರೆತ ದುರ್ವಾಸನೆಯ ದ್ರವ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ನೋಡುವ ಸಾಧನ) ಹಾಕಿ ಗರ್ಭಕಂಠವನ್ನು ಕಣ್ಣಾರೆ ನೋಡಿ. ಸೋಂಕಿನ ಮಾತ್ರೆ ಕೊಡುತ್ತಾ ತಿಂಗಳು ಕಳೆದು, ಕೊನೆಗೆ ಕ್ಯಾನ್ಸರ್ ಎಂದು ಗೊತ್ತಾಗುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಪದೇ ಪದೇ ಕ್ಯಾಂಡಿಡಾ ಬರುವವರಿಗೆ ಸಕ್ಕರೆ ಪರೀಕ್ಷೆ ಮಾಡಿ. ಸ್ಯಾಂಪಲನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಫಂಗಸ್ ಕಲ್ಚರ್‌ಗೂ ಕಳಿಸಿ, ಫ್ಲುಕೊನಜೋಲ್‌ಗೆ ಬಗ್ಗದ ಜಾತಿಗಳೂ ಇವೆ.

ಅಧಿಕಾರಿಗಳೇ, ಈಗ ನಿಮ್ಮ ಸರದಿ. ವೈದ್ಯ ದಂಪತಿ ರಾಣಿ ಬಂಗ್, ಅಭಯ್ ಬಂಗ್ ಮತ್ತು ಜೊತೆಗಾರರು 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಹಾರಾಷ್ಟ್ರದ ಗಡ್ಚಿರೋಲಿಯ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದಾಗ ಶೇ 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೂ ಮುಂಚೆ ಯಾವತ್ತಾದರೂ ಅಂಥ ಪರೀಕ್ಷೆ ಆಗಿದ್ದವರು ಶೇ 8ರಷ್ಟು ಮಾತ್ರ. ಹೆಂಗಸರ ಆರೋಗ್ಯ ಎಂದರೆ ಗರ್ಭ ಮತ್ತು ಹೆರಿಗೆ ಅಷ್ಟೇ ಎಂದುಕೊಂಡಿದ್ದವರ ಕಣ್ಣನ್ನು ಅದು ಜಗತ್ತಿನಾದ್ಯಂತ ತೆರೆಸಿತು. ಈಗಲೂ ಎಷ್ಟೋ ಕಡೆ ಪರೀಕ್ಷೆ ಆಗದಿರುವುದಕ್ಕೆ ಕಾರಣ ಜ್ಞಾನದ ಕೊರತೆಯಲ್ಲ. ಬಾಗಿಲು ಮುಚ್ಚುವ ಒಂದು ಕೋಣೆ ಇರುವುದಿಲ್ಲ. ಪರದೆ ಇರುವುದಿಲ್ಲ. ನೆಟ್ಟಗೆ ಬೆಳಕು ಬೀಳುವ ದೀಪ ಇರುವುದಿಲ್ಲ. ಬೇರೆ ಬೇರೆ ಅಳತೆಯ ಸ್ಪೆಕ್ಯುಲಮ್‌ಗಳು, ಅವನ್ನು ಶುದ್ಧ ಮಾಡುವ ವ್ಯವಸ್ಥೆ, ಪಿಎಚ್ ಪಟ್ಟಿ, ಸ್ಲೈಡು, ಸಲೈನ್, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್, ಒಂದು ಮೈಕ್ರೋಸ್ಕೋಪ್. ಇದರಲ್ಲಿ ಯಾವುದೂ ಅಪರೂಪದ ವಸ್ತುವಲ್ಲ. ಇನ್ನೊಂದು, ಸಮಯ. ಎರಡು ನಿಮಿಷಕ್ಕೆ ಒಬ್ಬ ರೋಗಿ ಎಂದು ಲೆಕ್ಕ ಇಟ್ಟಿದ್ದರೆ ಯಾವ ವೈದ್ಯರೂ ಒಳಪರೀಕ್ಷೆ ಮಾಡಲು ಸಾಧ್ಯವಿಲ್ಲ. ತರಬೇತಿ ಪಡೆದ ನರ್ಸ್ ಸ್ಪೆಕ್ಯುಲಮ್ ಪರೀಕ್ಷೆ ಮಾಡಬಹುದು, ಸ್ಲೈಡು ಓದುವುದನ್ನೂ ಕಲಿಯಬಹುದು. ಅದಕ್ಕೆ ಒಪ್ಪಿಗೆ ಕೊಡಿ, ಕಲಿಸಲು ನಮ್ಮಂಥವರು ಸಿದ್ಧರಿದ್ದೇವೆ.

ಈ ಪತ್ರ ಓದುತ್ತಿರುವ ಹೆಂಗಸರಿಗೂ ಎರಡು ಮಾತು. ಒಳಗೆ ನೀರು, ಸೋಪು, ಲೋಷನ್ ಹಾಕಿ ತೊಳೆಯಬೇಡಿ, ಒಳ್ಳೆಯ ಬ್ಯಾಕ್ಟೀರಿಯಾಗಳು ಅದರಲ್ಲೇ ಕೊಚ್ಚಿಹೋಗುತ್ತವೆ. ವೈದ್ಯರ ಬಳಿ ಹೋಗುವ ಮೊದಲೇ ಕ್ರೀಮ್ ಹಾಕಿಕೊಂಡರೆ ಸ್ಲೈಡಿನಲ್ಲಿ ಕ್ರೀಮೇ ಕಾಣುತ್ತದೆ. 'ನನಗೆ ಇರುವುದು ಯಾವ ಸೋಂಕು? ಹೇಗೆ ಗೊತ್ತಾಯಿತು? ಸಂಗಾತಿಗೂ ಚಿಕಿತ್ಸೆ ಬೇಕಾ?' ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಉದ್ಧಟತನ ಅಲ್ಲ.

ಕೊನೆಯದಾಗಿ, ವೈದ್ಯರೇ, ಮರುಪರೀಕ್ಷೆ. ಕ್ಲಮೈಡಿಯಾ, ಗೊನೊರಿಯಾ, ಟ್ರೈಕೊಮೊನಾಸ್ ಇದ್ದು ಚಿಕಿತ್ಸೆ ಪಡೆದವರನ್ನು ಮೂರು ತಿಂಗಳ ನಂತರ ಮತ್ತೆ ಕರೆಯಿರಿ. ಮರುಸೋಂಕು ಅಷ್ಟು ಸಾಮಾನ್ಯ. ಮಾತ್ರೆ ಮುಗಿದ ವಾರಕ್ಕೇ ಮಾಲಿಕ್ಯುಲರ್ ಪರೀಕ್ಷೆಗೆ ಕಳಿಸಬೇಡಿ, ಸತ್ತ ಬ್ಯಾಕ್ಟೀರಿಯಾದ ಚೂರುಗಳೂ ಪಾಸಿಟಿವ್ ತೋರಿಸುತ್ತವೆ. ಆಗ ಆಕೆಗೆ ಸುಮ್ನೆ ಇನ್ನೊಂದು ಸುತ್ತು ಮಾತ್ರೆ. ಗರ್ಭಿಣಿಗೆ ಕ್ಲಮೈಡಿಯಾ ಇದ್ದರೆ ಮಾತ್ರ ಸುಮಾರು ನಾಲ್ಕು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ನೋಡಿ. ಮರುಭೇಟಿಯ ತಾರೀಖನ್ನು ಅವತ್ತೇ ಬರೆದುಕೊಡಿ. ಫಲಿತಾಂಶವನ್ನು ಹೆಸರು ಕೂಗಿ ಎಲ್ಲರ ಮುಂದೆ ಹೇಳದೆ ಒಳಗೆ ಕರೆದು ಹೇಳಿದರೆ ಆ ತಾರೀಖಿಗೆ ಆಕೆ ಬರುವ ಸಾಧ್ಯತೆ ಜಾಸ್ತಿ.

ಇಂತಿ,
ನಿಮ್ಮ ಸ್ಲೈಡುಗಳನ್ನು ಓದುವ ಒಬ್ಬ ಲ್ಯಾಬ್ ಟೆಕ್ನಿಷಿಯನ್